ಮೂವತ್ತೆಂಟನೇ ಮಹಡಿಯಿಂದ ಕಂಡ ಕಣ

ಜಾವಳಿ

ಬ್ಯಾಂಕು ನೋಡಲಿಕ್ಕೆಂದು ಜರ್ಮನಿಗೆ ಹೋಗಿಬಂದವರು ನಮ್ಮ ಜಾವಳಿಯಲ್ಲಿ ನಾನೂ ನನ್ನ ಓರಗಿತ್ತಿ ವಸಂತಕ್ಕನೂ ಇಬ್ಬರೇ ಇರಬೇಕು. ಮೂಡಿಗೆರೆಯಲ್ಲಿ ಬ್ಯಾಂಕಿಗೆ ಹೋಗುವುದೆಂದರೇ ನನಗಾಗದು. ಅಲ್ಲಿ ಪೆನ್ನಿಗೆ ದಾರ ಕಟ್ಟಿರುತ್ತಾರೆ, ನಾವು ಬರೆಯಬೇಕಾದ ಜಾಗಕ್ಕೆ ಆ ದಾರ ಮುಟ್ಟುವುದಿಲ್ಲ. ಅಂಥವಳು ಫ್ರಾಂಕ್‌ಫರ್ಟ್ ಪೇಟೆಯ ನಟ್ಟನಡುವೆ, ಒಂದು ದೊಡ್ಡ ಬ್ಯಾಂಕಿನ ಕೇಂದ್ರ ಕಚೇರಿ ಇರುವ ಗಗನಚುಂಬಿ ಕಟ್ಟಡ ಹತ್ತಿ, ಇಳಿದು, ಮಳೆಯಲ್ಲಿ ನೆಂದು ಬಂದೆ. ಏನೇನು ನೋಡಿದಿರಿ ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ನೋಡಿದ್ದೇನೋ ಬೇಕಾದಷ್ಟಿದೆ. ಅದರಲ್ಲಿ ಅರ್ಥವಾದದ್ದು ಯಾವುದು ಎಂದು ಕೇಳಿದರೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ.

ಹೋದದ್ದು ಕಾಫಿಯ ದೆಸೆಯಿಂದ. ನಮ್ಮೂರಿನ ಹೆಂಗಸರು ಕೆಲವರು ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಮುಂಚೆ ಗಿಡದಿಂದ ಕುಯ್ದ ಹಣ್ಣನ್ನು ಹಾಗೇ ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆವು. ಈಗ ನಾವೇ ಸಿಪ್ಪೆ ಬಿಡಿಸಿ, ತೊಳೆದು, ವಸಂತಕ್ಕನ ಮನೆಯ ಮುಂದಿನ ಸಿಮೆಂಟ್ ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ಸಮೇತದ ಬೀಜ, ಮಾಡುತ್ತೇವೆ. ಎಲ್ಲರ ಬೀಜವೂ ಅದೊಂದೇ ಕಣದಲ್ಲಿ ಒಣಗಬೇಕು. ನಮ್ಮ ಕಡೆ ಗುಡ್ಡ ಎಷ್ಟು ಬೇಕಾದರೂ ಇದೆ, ಮಟ್ಟಸವಾದ ಜಾಗ ಹುಡುಕಿದರೂ ಸಿಗದು.

ಆ ಕಣದ ಮೇಲೆ ಭಾವನ ಕಣ್ಣು ಬಿದ್ದಿತ್ತು. ಭಾವ ಎಂದರೆ ವಸಂತಕ್ಕನ ಗಂಡ, ನಮ್ಮ ಯಜಮಾನರ ಅಣ್ಣ. ಅವರು ಹಳೇ ಕಾಫಿ ಗೋದಾಮನ್ನು ಹೋಂಸ್ಟೇ ಮಾಡಿದ್ದಾರೆ. ಬಂದವರ ಕಾರು ನಿಲ್ಲಿಸಲು ಜಾಗವಿಲ್ಲದೆ ರಸ್ತೆಯಲ್ಲಿ ವಾರವಾರವೂ ಜಗಳ. "ಇದೊಂದು ಸೀಸನ್ ನೋಡ್ತೀನಿ," ಎಂದು ಭಾವ ಹೇಳಿಬಿಟ್ಟಿದ್ದರು. "ನಿಮ್ಮ ಕಾಫಿಗೆ ಒಬ್ಬ ಗಟ್ಟಿ ಗಿರಾಕಿ ಸಿಕ್ಕಿದ್ರೆ ಕಣ ನಿಮಗೆ. ಇಲ್ದಿದ್ರೆ ಅಲ್ಲಿ ಕಾರು ನಿಲ್ತದೆ. ಆಮೇಲೆ ನನ್ನ ಹತ್ರ ಅಳೋದು ಕರೆಯೋದು ಬೇಡ." ವಸಂತಕ್ಕ ಅಳುವ ಪೈಕಿಯಲ್ಲ. ಎರಡು ದಿನ ಅವರಿಗೆ ಉಪ್ಪಿಲ್ಲದ ಸಾರು ಬಡಿಸಿದಳು, ಅಷ್ಟೆ. ಆದರೆ ಮೂರನೇ ದಿನ ನಾನು ಹೋದಾಗ ಕಣದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. "ಇದು ಹೋದ್ರೆ ಸಂಘನೂ ಹೋಯ್ತು ಅಂತ ತಿಳ್ಕೋ ಶಾರದಾ," ಎಂದಳು.

ಗಿರಾಕಿಯ ದಾರಿ ತೋರಿಸಿದವಳು ರೇಖಾ. ಹಾಸನದ ಹುಡುಗಿ, ಫ್ರಾಂಕ್‌ಫರ್ಟಿನಲ್ಲಿ ಕಾಫಿ ಹುರಿದು ಮಾರುವ ಸಣ್ಣ ಅಂಗಡಿಯೊಂದರಲ್ಲಿ ಕೆಲಸ. ಹಿಂದಿನ ವರ್ಷ ರಜೆಗೆ ಬಂದಾಗ ನಮ್ಮ ಕಾಫಿ ಕುಡಿದು, ಕೆಲವು ಮೂಟೆ ತರಿಸಿಕೊಂಡಿದ್ದಳು. ಅಲ್ಲಿಯ ಒಂದು ಬ್ಯಾಂಕಿನವರು ತಮ್ಮ ಕಟ್ಟಡದ ಅಷ್ಟೂ ಮಹಡಿಗಳಿಗೆ ವರ್ಷವಿಡೀ ಒಂದೇ ಊರಿನ ಕಾಫಿ ಕೊಳ್ಳುತ್ತಾರಂತೆ. ರೇಖಾ ಅವರಿಗೆ ನಮ್ಮ ಕಾಫಿಯನ್ನೂ ಕಳಿಸಿದ್ದಳು, ಕೊನೆಗೆ ಉಳಿದ ಮೂರರಲ್ಲಿ ನಮ್ಮದೂ ಒಂದು. ಬೆಳೆದವರೇ ಬಂದು ಕುಡಿಸಿ, ನಾಲ್ಕು ಮಾತು ಹೇಳಬೇಕು. ಹೋಗಿಬರುವ ಖರ್ಚೆಲ್ಲ ಬ್ಯಾಂಕಿನವರದೇ.

ಮುಂದಿನದು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಿಬಿಡಬೇಕು. ಕಣದಲ್ಲಿ ಕಾಫಿ ಹರಡಿದ್ದಾಗ ಮೋಡ ಕಟ್ಟಿದರೆ ಅದು ಯಾರ ಕಣ ಎಂದು ಯಾರೂ ಕೇಳುವುದಿಲ್ಲ. ಕಂಡವರು ಓಡಬೇಕು, ರಾಶಿ ಮಾಡಬೇಕು, ಟಾರ್ಪಾಲು ಮುಚ್ಚಬೇಕು. ಮಾತು ಬಿಟ್ಟವರ ಕಣವಾದರೂ ಸರಿ. ಮುಚ್ಚಿಕೊಟ್ಟವರಿಗೆ ಯಾರೂ ಉಪಕಾರ ಹೇಳುವುದಿಲ್ಲ, ಹೇಳಲಿ ಎಂದು ಅವರೂ ನಿಲ್ಲುವುದಿಲ್ಲ. ನನ್ನ ಮದುವೆಯ ದಿಬ್ಬಣ ಜಾವಳಿಗೆ ಬರುವಾಗ ದಾರಿಯಲ್ಲಿ ಹನಿ ಬಿತ್ತು, ಬಸ್ಸು ನಿಂತಿತು. ಯಾರದೋ ಕಣ, ಮನೆಯಲ್ಲಿ ಜನ ಇರಲಿಲ್ಲ. ದಿಬ್ಬಣದವರೆಲ್ಲ ಇಳಿದು ಓಡಿದರು. ಧಾರೆ ಸೀರೆಯಲ್ಲೇ ನಾನೂ ಟಾರ್ಪಾಲಿನ ಒಂದು ತುದಿ ಹಿಡಿದೆ. ಎದುರು ತುದಿ ಹಿಡಿದುಕೊಂಡು "ಏ ಹುಡುಗಿ, ಸರಿ ಎಳಿ" ಎಂದು ನನ್ನನ್ನು ಗದರಿದವಳೇ ವಸಂತಕ್ಕ. ಗಂಡನ ಮನೆಯ ಕಡೆಯಿಂದ ನನಗೆ ಬಂದ ಮೊದಲ ಮಾತು ಅದು.

ಕೊಟ್ಟಿಗೆಹಾರ

ಹೊರಟದ್ದು ಮಾರ್ಚ್ ಕೊನೆಗೆ. ಆ ಹೊತ್ತಿಗೆ ನಮ್ಮಲ್ಲಿ ಎಲ್ಲರೂ ಹೂಮಳೆಗೆ ಕಾಯುತ್ತಿರುತ್ತಾರೆ. ಒಂದು ಒಳ್ಳೆ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ, ಮುಂದಿನ ಫಸಲಿನ ಭರವಸೆ ಬರುತ್ತದೆ. ಆದರೆ ನಮ್ಮ ಸಂಘದ ಕಡೇ ಕೊಯ್ಲಿನ ರೊಬಸ್ಟಾ ಇನ್ನೂ ಕಣದಲ್ಲೇ ಇತ್ತು. ಮಳೆ ಬರಲಿ ಎಂದು ಕೈಮುಗಿಯುವುದೋ, ಬಾರದಿರಲಿ ಎಂದು ಮುಗಿಯುವುದೋ ತಿಳಿಯದೆ ವಸಂತಕ್ಕ ಹೊರನಾಡಿನ ಅಮ್ಮನಿಗೆ ಬರೀ ನಮಸ್ಕಾರ ಹೇಳಿ ಕಾರು ಹತ್ತಿದಳು. ಕಣ ನೋಡಿಕೊಳ್ಳುವ ಕೆಲಸ ಭಾವನ ತಲೆಗೆ ಬಿತ್ತು. ಅವರು ಎಲ್ಲದಕ್ಕೂ ಹೂಂ ಹೂಂ ಎಂದರು. ಅವರ ಜೇಬಿನಿಂದ ಅಳತೆ ಟೇಪು ಇಣುಕುತ್ತಿತ್ತು.

ವಿಮಾನ ಮಂಗಳೂರಿನಿಂದ. ಘಟ್ಟ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು. ವಸಂತಕ್ಕ ತಟ್ಟೆ ಎದುರಿಗಿಟ್ಟುಕೊಂಡೇ ಭಾವನಿಗೆ ಫೋನ್ ಮಾಡಿದಳು.

"ಮೋಡ ಇದ್ಯಾ?"

"ನೀನು ಗೇಟು ದಾಟಿ ಇನ್ನೂ ಧೂಳು ಇಳಿದಿಲ್ಲ ಮಾರಾಯ್ತಿ."

"ಎಂತ ಮಾಡ್ತಿದೀರಿ?"

"ಕಣಕ್ಕೆ ಸುಣ್ಣದ ಗೆರೆ ಎಳೆಸ್ತಿದೀನಿ. ಎಷ್ಟು ಕಾರು ಹಿಡೀತದೆ ನೋಡೋಣ ಅಂತ. ನಿನ್ನ ಕಾಫಿ ಮುಟ್ಟಿಲ್ಲ, ಖಾಲಿ ಇರೋ ಬದಿಗೆ ಅಷ್ಟೆ."

ವಸಂತಕ್ಕ ಫೋನ್ ಇಟ್ಟಳು. "ಗೆರೆ ಎಳೀತಿದಾರಂತೆ," ಎಂದಳು. ಆಮೇಲೆ ದೋಸೆ ಮುಟ್ಟಲಿಲ್ಲ. ದುಡ್ಡು ಕೊಟ್ಟ ದೋಸೆ ಬಿಡಬಾರದೆಂದು ಅವಳದನ್ನೂ ನಾನೇ ತಿಂದೆ. ಚಾರ್ಮಾಡಿಯ ತಿರುವುಗಳಲ್ಲಿ ಅದಕ್ಕೆ ತಕ್ಕ ಶಾಸ್ತಿಯಾಯಿತು, ಕಾರನ್ನು ಎರಡು ಕಡೆ ನಿಲ್ಲಿಸಬೇಕಾಯಿತು.

ಫ್ರಾಂಕ್‌ಫರ್ಟ್, ಮೊದಲ ದಿನ

ವಿಮಾನದ ಬಗ್ಗೆ ನಾನು ಏನೂ ಬರೆಯಲಾರೆ, ಹೋಗುವಾಗ ಪೂರ್ತಿ ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟ ಮೇಲೆ ಕಂಡದ್ದರಲ್ಲಿ ಮೊದಲು ತಲೆಗೆ ಹತ್ತದ್ದು ನೀರು. ಕೋಣೆಯಲ್ಲಿ ಸೀಸೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದರ ಮುಚ್ಚಳ ತಿರುಗಿಸಿದರೆ ಬುಸ್ ಎಂದಿತು, ಕುಡಿದರೆ ನಾಲಿಗೆ ಚುರುಗುಟ್ಟಿತು. "ನೀರು ಹುಳಿ ಬಂದಿದೆ," ಎಂದು ವಸಂತಕ್ಕ ಅದನ್ನು ಬಚ್ಚಲಿಗೆ ಚೆಲ್ಲಿದಳು. ಎರಡನೆಯದೂ ಹುಳಿ, ಅದನ್ನೂ ಚೆಲ್ಲಿದಳು. ಎಲ್ಲ ಮುಗಿದ ಮೇಲೆ ಬಂದ ರೇಖಾ, ಇಲ್ಲಿಯ ಜನಕ್ಕೆ ಅದೇ ಒಳ್ಳೆಯ ನೀರು, ಬಚ್ಚಲಿನ ನಲ್ಲಿಯಲ್ಲಿ ಬರುವುದು ಸಾದಾ ನೀರು, ಅದನ್ನೇ ಕುಡಿಯಿರಿ ಎಂದಳು. ಬಚ್ಚಲಿನ ನೀರು ಕುಡಿಯುವುದು, ಕುಡಿಯುವ ನೀರು ಬಚ್ಚಲಿಗೆ ಹೋಗುವುದು. ನಾವು ಮುಖ ಮುಖ ನೋಡಿಕೊಂಡೆವು.

ಆಮೇಲೆ ರಸ್ತೆ. ಒಂದು ವಾಹನವೂ ಇಲ್ಲ, ಆದರೂ ಅಂಚಿನಲ್ಲಿ ಹತ್ತಾರು ಜನ ನಿಂತಿದ್ದಾರೆ. ಮೆರವಣಿಗೆ ಏನಾದರೂ ಬರುತ್ತದೋ ಎಂದು ನಾನೂ ಕತ್ತು ಉದ್ದ ಮಾಡಿದೆ. ಏನೂ ಬರಲಿಲ್ಲ. ಕಂಬದಲ್ಲಿ ಕೆಂಪು ಗೊಂಬೆ ಇದೆ, ಅದು ಹಸಿರಾಗಬೇಕಂತೆ. ವಸಂತಕ್ಕ ಕಾಯಲಿಲ್ಲ, ಸೆರಗು ಎತ್ತಿಕೊಂಡು ದಾಟಿದಳು, ಹಿಂದೆ ನಾನು. ಆ ಕಡೆಯಿಂದ ಒಬ್ಬ ಅಜ್ಜಿ ಏನೋ ಗದರಿದರು. ಮಕ್ಕಳು ನೋಡಿ ಕಲಿಯುತ್ತಾರೆ ಎಂದು ಬೈದರು ಅಂತ ರೇಖಾ ಹೇಳಿದಳು. ಸುತ್ತ ನೋಡಿದರೆ ಒಂದು ಮಗುವೂ ಇರಲಿಲ್ಲ.

ಟ್ರಾಮಿನಲ್ಲಿ ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಮೂಡಿಗೆರೆಯಲ್ಲಿ ಬಸ್ಸು ಹತ್ತಿ ಕಳಸ ಮುಟ್ಟುವುದರೊಳಗೆ ನೀವು ಯಾರ ಮನೆಯವರು, ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋಗಿದ್ದಿರಿ ಎಂದು ಪಕ್ಕದವರಿಗೆ ಗೊತ್ತಾಗಿರುತ್ತದೆ. ಇಲ್ಲಿ ಇಬ್ಬರು ಸೀರೆಯ ಹೆಂಗಸರು ಎದುರು ಕೂತಿದ್ದರೂ ಜನ ಕಿಟಕಿ ನೋಡುತ್ತಿದ್ದರು. ನಾವೇನು ತಪ್ಪು ಮಾಡಿದೆವೋ ಎಂದು ನನಗೆ ಇಳಿಯುವವರೆಗೂ ಅನ್ನಿಸುತ್ತಿತ್ತು.

ಸಂಜೆ ರೇಖಾ ನಮ್ಮ ಬ್ಯಾಂಕನ್ನು ದೂರದಿಂದ ತೋರಿಸಿದಳು. ಕೆಳಗಿನಿಂದ ಮೇಲಿನವರೆಗೆ ಗಾಜು. ತುದಿ ಮೋಡದೊಳಗೆ ಹೋಗಿತ್ತು, ಹಾಗಾಗಿ ತುದಿ ಇದೆ ಎಂದು ನಂಬಬೇಕು ಅಷ್ಟೆ.

"ಇಷ್ಟೂ ಒಂದೇ ಬ್ಯಾಂಕಿಂದಾ?" ಎಂದಳು ವಸಂತಕ್ಕ. "ದುಡ್ಡು ಎಷ್ಟನೇ ಮಹಡೀಲಿ ಇಡ್ತಾರೆ?"

"ಇಲ್ಲಿ ದುಡ್ಡಿಲ್ಲ ಅಕ್ಕಾ."

"ಮತ್ತೆಲ್ಲಿದೆ?"

ರೇಖಾ ಯೋಚಿಸಿದಳು. "ಒಂದು ಕಡೆ ಅಂತ ಇಲ್ಲ. ಎಲ್ಲಾ ಕಡೆ ಇದೆ ಅನ್ಬೇಕು."

"ದೇವರ ವಿಷಯ ಹೇಳಿದ ಹಾಗೆ ಹೇಳ್ತೀಯಲ್ಲ ಮಾರಾಯ್ತಿ," ಎಂದಳು ವಸಂತಕ್ಕ. ಆ ರಾತ್ರಿ ಮಲಗುವ ಮುಂಚೆ ಭಾವನಿಗೆ ಫೋನ್ ಮಾಡಿ ಮೋಡ ಇದೆಯಾ ಎಂದು ಕೇಳಿದಳು. ಅಲ್ಲಿ ನಡುರಾತ್ರಿಯಾಗಿತ್ತು, ಬೈಸಿಕೊಂಡಳು.

ಕಟ್ಟಡದ ಬುಡ

"ಹನ್ನೊಂದು ಅಂದ್ರೆ ಹನ್ನೊಂದು," ಎಂದು ರೇಖಾ ಬೆಳಗಿನಿಂದ ಜಪ ಮಾಡುತ್ತಿದ್ದಳು. "ಇವರು ಹೆಸರು ಕರೆದಾಗ ನಾವು ಅಲ್ಲಿರಬೇಕು. ಇಲ್ದಿದ್ರೆ ಮುಗೀತು, ಇನ್ನೊಂದ್ಸಲ ಕರೆಯಲ್ಲ." ಹೀಗಾಗಿ ಒಂದು ಗಂಟೆ ಮುಂಚೆಯೇ ಕಟ್ಟಡದ ಬುಡದಲ್ಲಿದ್ದೆವು.

ಕಟ್ಟಡದ ಮುಂದಿನ ಕಲ್ಲುಹಾಸಿನ ಅಂಗಳ ನೋಡಿ ವಸಂತಕ್ಕ ನಿಂತುಬಿಟ್ಟಳು. ಅಲ್ಲೊಂದು ಕಣ. ನಾಲ್ಕು ಕಡೆ ಮರದ ಚೌಕಟ್ಟು ಕಟ್ಟಿ, ಒಳಗೆ ಪಾರ್ಚ್‌ಮೆಂಟ್ ಹರಡಿದ್ದರು. ಬೀಜ ಎಳೆಯುವ ಹಲಗೆ ಎರಡು ಇಟ್ಟಿದ್ದರು. ಕಚೇರಿಗೆ ಹೋಗುವವರು ಹಲಗೆ ಹಿಡಿದು ಫೋಟೋ ತೆಗೆಸಿಕೊಂಡು ಒಳಗೆ ಹೋಗುತ್ತಿದ್ದರು. ಪಕ್ಕದಲ್ಲಿ ಎರಡು ಕಂಬಕ್ಕೆ ಬ್ಯಾಂಕಿನ ದೊಡ್ಡ ಬ್ಯಾನರು ಕಟ್ಟಿತ್ತು. ಅದರಲ್ಲಿ ಬಿಳಿ ಕೂದಲಿನ ಗಂಡ ಹೆಂಡತಿ ಹಲ್ಲು ಬಿಟ್ಟು ನಗುತ್ತಿದ್ದರು. ಬ್ಯಾಂಕಿನವರೇ ಹಾಕಿಸಿದ್ದು, ಕಾಫಿ ಹೇಗೆ ಒಣಗುತ್ತದೆ ಎಂದು ಜನ ನೋಡಲಿ ಅಂತ, ಎಂದಳು ರೇಖಾ.

ವಸಂತಕ್ಕ ಚಪ್ಪಲಿ ಬಿಟ್ಟು ಕಣಕ್ಕಿಳಿದಳು. ಚಪ್ಪಲಿ ಕಾಲಲ್ಲಿ ನಾವು ಕಣಕ್ಕೆ ಹೋಗುವುದಿಲ್ಲ. ಒಂದು ಬೀಜ ಎತ್ತಿ ಹಲ್ಲಲ್ಲಿ ಕಚ್ಚಿದಳು. "ಅರೇಬಿಕಾ. ನಮ್ಮದಲ್ಲ. ಇನ್ನೊಂದು ಬಿಸಿಲು ಬೇಕು ಇದಕ್ಕೆ, ಹಲ್ಲಿಗೆ ಮೆತ್ತಗಿದೆ. ಹರಡಿದ್ದೂ ದಪ್ಪ ಆಯ್ತು." ಅಷ್ಟರಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡ ಕಾವಲಿನ ಆಳು ಬಂದ. ನಮ್ಮ ಬಾಗಿಲಿಗಿಂತ ಎತ್ತರ ಇದ್ದ. ಪ್ರದರ್ಶನದ ವಸ್ತುವನ್ನು ತಿನ್ನಬಾರದು ಎನ್ನುತ್ತಿದ್ದಾನೆ ಎಂದು ರೇಖಾ ಹೇಳಿದಳು. ವಸಂತಕ್ಕ ಕಚ್ಚಿದ ಬೀಜವನ್ನು ಇದ್ದಲ್ಲೇ ಇಟ್ಟಳು.

ಕಣದಲ್ಲಿ ಇನ್ನೊಬ್ಬಳು ಹೆಂಗಸು ಇದ್ದಳು. ಗಿಡ್ಡ ಆಳು, ಎರಡು ಜಡೆ. ಅವಳೂ ಷೂ ಕಳಚಿ ಅಂಚಿಗಿಟ್ಟು, ಹಲಗೆಯಿಂದ ಬೀಜವನ್ನು ಸಾಲು ಸಾಲಾಗಿ ಎಳೆಯುತ್ತಿದ್ದಳು. ಫೋಟೋ ತೆಗೆಯುವವರು ಅವಳ ಜೊತೆ ಯಾರೂ ಇರಲಿಲ್ಲ. ಹೊಂಡುರಾಸ್ ಎಂಬ ದೇಶದವಳಂತೆ, ಹೆಸರು ಮಾರ್ತಾ. ಉಳಿದ ಮೂರರಲ್ಲಿ ಇನ್ನೊಂದು ಕಾಫಿ ಅವಳದು. ಮೂರನೆಯದು ಯಾವುದೋ ದೊಡ್ಡ ತೋಟದ ಕಂಪನಿಯದು, ಅವರ ಪರವಾಗಿ ಕೋಟು ಹಾಕಿದ ಒಬ್ಬರು ಬಂದಿದ್ದರು. ವಸಂತಕ್ಕ ಮಾರ್ತಾಳ ಬರಿಗಾಲು ನೋಡಿದಳು, ಅವಳು ವಸಂತಕ್ಕನದು ನೋಡಿದಳು. ಮಾತು ಏನೂ ಆಗಲಿಲ್ಲ, ಆಡಲು ಭಾಷೆಯೂ ಇರಲಿಲ್ಲ.

ಒಳಗೆ ಹೋಗುವ ಬಾಗಿಲು ಗಿರಗಿರನೆ ತಿರುಗುವಂಥದು. ನಾನು ಒಳಗೆ ಬಿದ್ದೆ. ವಸಂತಕ್ಕ ಒಂದು ಸುತ್ತು ಬಂದು ಮತ್ತೆ ಹೊರಗೇ ಹೋದಳು. ಒಳಗಿನ ಹಜಾರದಲ್ಲಿ ಹೊರನಾಡಿನ ಊಟದ ಪಂಕ್ತಿ ನಾಲ್ಕು ಕೂರಿಸಬಹುದು, ಅಲ್ಲಿದ್ದದ್ದು ಒಂದು ಮೇಜು, ಒಬ್ಬಳು ಹುಡುಗಿ. ಕೌಂಟರಿಲ್ಲ, ಟೋಕನ್ ಇಲ್ಲ, ಚೆಕ್ ಬುಕ್ಕಿಗೆ ಜಗಳವಾಡುವವರಿಲ್ಲ. ಇದು ಬ್ಯಾಂಕೇ ಹೌದಾ ಎಂದು ನಾನು ರೇಖಾಳನ್ನು ಇನ್ನೊಮ್ಮೆ ಕೇಳಿದೆ.

ಲಿಫ್ಟಿನೊಳಗೆ ಒತ್ತಲು ಒಂದು ಗುಂಡಿಯೂ ಇರಲಿಲ್ಲ. ಎಲ್ಲಿಗೆ ಹೋಗಬೇಕೆಂದು ಹೊರಗೇ ಹೇಳಬೇಕಂತೆ. ಹೊರಗೆ ಗೋಡೆಯ ಪರದೆಗೆ ಕಚೇರಿಯ ಕಾರ್ಡು ತೋರಿಸಿ ಮಹಡಿಯ ಅಂಕಿ ಮುಟ್ಟಿದರೆ ಯಾವ ಲಿಫ್ಟು ಎಂದು ಅದೇ ಹೇಳುತ್ತದೆ, ಒಳಗೆ ಹೋದ ಮೇಲೆ ನಮ್ಮದೇನೂ ನಡೆಯುವುದಿಲ್ಲ. ದಾರಿಯಲ್ಲಿ ಮನಸ್ಸು ಬದಲಾದರೆ ಏನು ಮಾಡುವುದು ಎಂದು ಕೇಳಿದೆ. ಇಲ್ಲಿ ಯಾರಿಗೂ ಬದಲಾಗಲ್ಲ ಅಕ್ಕಾ, ಎಂದಳು ರೇಖಾ.

ಮೂವತ್ತೆಂಟನೇ ಮಹಡಿ

ಮೇಲೆ ನಮ್ಮನ್ನು ಗಾಜಿನ ಗೋಡೆಯ ಕೋಣೆಯಲ್ಲಿ ಕೂರಿಸಿದರು. ಮಾರ್ತಾ ಅಲ್ಲೇ ಇದ್ದಳು. ಮೊದಲು ಕೋಟಿನವರು, ಆಮೇಲೆ ನಾವು, ಕೊನೆಗೆ ಅವಳು. ನಮ್ಮ ಕಾಫಿ ಇಳಿಸಿ ಅಣಿಮಾಡಲು ರೇಖಾ ಪಕ್ಕದ ಕೋಣೆಗೆ ಹೋದಳು. "ಕರೆದ ತಕ್ಷಣ ಬನ್ನಿ. ಎಲ್ಲಿಗೂ ಹೋಗಬೇಡಿ," ಎಂದು ಬಾಗಿಲಲ್ಲಿ ನಿಂತು ಹೇಳಿಹೋದಳು. ಎಲ್ಲಿಗೆ ಹೋಗುತ್ತೇವೆ ಎಂದು ನಾನು ನಕ್ಕೆ.

ನಾನು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಮಾತನ್ನು ಒಳಗೊಳಗೇ ಒಪ್ಪಿಸಿಕೊಳ್ಳುತ್ತಿದ್ದೆ. ಸಂಘದ ಹೆಂಗಸರೆಲ್ಲ ಅವತ್ತು ಜಾವಳಿಯಲ್ಲಿ ಫೋನ್ ಕೈಯಲ್ಲಿ ಹಿಡಿದು ಕೂತಿದ್ದಾರೆ ಎಂದು ಗೊತ್ತಿತ್ತು. ವಸಂತಕ್ಕ ಮೊದಲು ಗಾಜಿನ ಹತ್ತಿರವೇ ಹೋಗಿರಲಿಲ್ಲ, ತಲೆ ತಿರುಗುತ್ತದೆ ಎಂದಿದ್ದಳು. ಆಮೇಲೆ ಕಂಬ ಹಿಡಿದುಕೊಂಡು ನಿಧಾನವಾಗಿ ಹೋಗಿ ನೋಡಿದಳು.

"ಶಾರದಾ, ಬಾ ಇಲ್ಲಿ."

ಊರಾಚೆ ಗುಡ್ಡದ ಸಾಲು ಕಾಣುತ್ತಿತ್ತು. ಅದರ ಮೇಲೆ ಕರಿ ಮೋಡ. ಊರಲ್ಲಿ ನಾವು ಮೋಡವನ್ನು ತಲೆಯೆತ್ತಿ ನೋಡುತ್ತೇವೆ, ಇಲ್ಲಿ ಅದು ನಮ್ಮ ಕಣ್ಣಿನ ಮಟ್ಟದಲ್ಲಿ ನೇರ ನಮ್ಮ ಕಡೆಗೇ ಬರುತ್ತಿತ್ತು. ಅದರ ಅಡಿಯಲ್ಲಿ ಮಳೆಯ ಕಾಲು ಇಳಿದದ್ದೂ ಕಂಡಿತು. ವಸಂತಕ್ಕ ಗಾಜಿಗೆ ಹಣೆ ಹಚ್ಚಿ ಕೆಳಗೆ ತೋರಿಸಿದಳು. ಊಟದ ಮಣೆಯಷ್ಟು ಸಣ್ಣದಾಗಿ ಆ ಕಣ. ಸುತ್ತ ಒಬ್ಬರೂ ಇಲ್ಲ.

"ಮುಚ್ಚೋಕೆ ಯಾರೂ ಇಲ್ಲ."

"ಅವರು ನೋಡ್ಕೊಳ್ತಾರೆ ಬಿಡು ಅಕ್ಕಾ."

"ಯಾರು?"

ಯಾರು ಎಂದು ನನಗೂ ಗೊತ್ತಿರಲಿಲ್ಲ. ತಿರುಗಿ ನೋಡಿದರೆ ಮಾರ್ತಾಳ ಕುರ್ಚಿ ಖಾಲಿ, ಚೀಲ ಮಾತ್ರ ಇತ್ತು. ವಸಂತಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಕಡೆ ಹೊರಟಳು. ನಾನು ತೋಳು ಹಿಡಿದೆ.

"ಅಕ್ಕಾ, ಈಗ ನಮ್ಮನ್ನ ಕರೀತಾರೆ. ನಮ್ಮ ಕಣ ಹೋಗ್ತದೆ. ಅಲ್ಲಿ ಗೆರೆ ಎಳೆದಾಗಿದೆ, ನೆನಪಿದ್ಯಾ ನಿಂಗೆ?"

"ನೆನಪಿದೆ. ಬೇಗ ಮುಚ್ಚಿ ಬರೋಣ. ಇದನ್ನ ನೋಡ್ತಾ ಕೂತ್ರೆ ಅವರೆದುರು ನನ್ನ ಬಾಯಲ್ಲಿ ಮಾತು ಬರ್ತದಾ ಹೇಳು."

ಅವಳು ಹೋದಳು. ನಾನು ಯಾಕೆ ಹಿಂದೆ ಓಡಿದೆನೋ ತಿಳಿಯದು. ಒಬ್ಬಳಾದರೂ ಕೂರಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಹೌದು, ಕೂರಬಹುದಿತ್ತು. ಆಗ ಮಾತ್ರ ಅದು ಹೊಳೆಯಲಿಲ್ಲ.

ಎದುರಿಗೆ ಒಂದು ಲಿಫ್ಟು ಬಾಗಿಲು ತೆರೆದು ನಿಂತಿತ್ತು, ನುಗ್ಗಿದೆವು. ಗುಂಡಿಯಿಲ್ಲದ ಪೆಟ್ಟಿಗೆ ಅದು, ಯಾರು ಎಲ್ಲಿಗೆ ಕರೆದಿದ್ದರೋ ಅಲ್ಲಿಗೆ ಹೋಯಿತು. ಬಾಗಿಲು ತೆರೆದಾಗ ಎದುರಿಗೆ ಸಾಲು ಸಾಲು ಜನ ಪರದೆ ನೋಡುತ್ತಾ ಕೂತಿದ್ದರು, ಉಸಿರಿನ ಸದ್ದೂ ಇಲ್ಲ. ನಾನು ಗೋಡೆಯ ಮೇಲೆ ಮಹಡಿಯ ಅಂಕಿ ಹುಡುಕಿದೆ, ಇಪ್ಪತ್ತೊಂದು. ವಸಂತಕ್ಕ ಹತ್ತಿರದ ಮೇಜಿನವನ ಹೆಗಲು ತಟ್ಟಿ, "ಮಳೆ, ಮಳೆ, ಕೆಳಗೆ," ಎಂದು ಬೆರಳಿಂದ ಹನಿ ಬೀಳಿಸಿ ತೋರಿಸಿದಳು. ಅವನು ಏನು ತಿಳಿದುಕೊಂಡನೋ, ಶೌಚಾಲಯದ ಬಾಗಿಲು ತೋರಿಸಿದ. ನಾನು "ಗ್ರೌಂಡ್, ಗ್ರೌಂಡ್" ಎಂದೆ. ಆಗ ಪಾಪ ಎದ್ದು ಬಂದು, ತನ್ನ ಕಾರ್ಡು ಹಾಕಿ, ಯಾವ ಲಿಫ್ಟು ಎಂದು ತೋರಿಸಿ, ಬಾಗಿಲು ಮುಚ್ಚುವವರೆಗೂ ಕೈಬೀಸುತ್ತಾ ನಿಂತ.

ಮತ್ತೆ ಬುಡದಲ್ಲಿ

ಹೊರಗೆ ಗಾಳಿ ಎದ್ದಿತ್ತು. ಮಾರ್ತಾ ಆಗಲೇ ಅರ್ಧ ರಾಶಿ ಮಾಡಿದ್ದಳು. ಎರಡನೇ ಹಲಗೆ ವಸಂತಕ್ಕ ಹಿಡಿದಳು, ನಾನು ಕೈಯಲ್ಲೇ ಬಾಚಿದೆ. ಟಾರ್ಪಾಲು ಎಂಥದೂ ಇಲ್ಲ. ವಸಂತಕ್ಕ ಸುತ್ತ ಒಂದು ಸಲ ನೋಡಿ ನೇರ ಆ ಬ್ಯಾನರಿಗೆ ಹೋದಳು, ಹಗ್ಗದ ಗಂಟು ಬಿಚ್ಚಲು ಶುರುಮಾಡಿದಳು. ಬಿಚ್ಚದ ಒಂದು ಗಂಟನ್ನು ಜಗ್ಗಿದ ರಭಸಕ್ಕೆ ಬ್ಯಾನರಿನ ಅಂಚು ಹರಿಯಿತು. ಕಾವಲಿನ ಆಳು ಕೂಗುತ್ತಾ ಓಡಿಬಂದ. ಅಷ್ಟರಲ್ಲಿ ದಪ್ಪ ಹನಿ ಬಿತ್ತು.

"ಹಿಡ್ಕೋ ಮಾರಾಯ," ಎಂದು ವಸಂತಕ್ಕ ಬ್ಯಾನರಿನ ಒಂದು ಮೂಲೆಯನ್ನು ಅವನ ಕೈಗೆ ತುರುಕಿದಳು. ಅವನಿಗೇನು ತಿಳಿಯಿತೋ ದೇವರೇ ಬಲ್ಲ, ಹಿಡಿದುಕೊಂಡ. ನಾಲ್ಕು ಮೂಲೆಗೆ ನಾಲ್ವರಾದೆವು. ನಗುವ ಗಂಡ ಹೆಂಡತಿಯನ್ನು ರಾಶಿಯ ಮೇಲೆ ಬೋರಲು ಹಾಸಿದೆವು. ಮೂಲೆಗೆ ಇಡಲು ಕಲ್ಲು ಹುಡುಕಿದರೆ ಅಷ್ಟು ದೊಡ್ಡ ಪೇಟೆಯಲ್ಲಿ ಒಂದು ಬಿಡಿ ಕಲ್ಲು ಇಲ್ಲ. ಮಾರ್ತಾ ಹೂಕುಂಡ ಎಳೆದು ತಂದಳು, ಕಾವಲಿನವನು ಕಬ್ಬಿಣದ ಕುರ್ಚಿ ಹೊತ್ತು ತಂದ. ಮಳೆ ಹೊಯ್ಯಿತು. ಗಾಜಿನ ಒಳಗಡೆ ಕಾಫಿ ಲೋಟ ಹಿಡಿದವರು ಸಾಲಾಗಿ ನಿಂತು ನಮ್ಮನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಿದ್ದರು.

ತಿರುಗುವ ಬಾಗಿಲಿನಿಂದ ರೇಖಾ ಬಂದಳು. ಅವಳ ಕಣ್ಣಲ್ಲಿ ನೀರು.

"ಎಲ್ಲಿಗೆ ಹೋದ್ರಿ ಅಕ್ಕಾ? ನಿಮ್ಮ ಹೆಸರು ಕರೆದ್ರು. ಮಾರ್ತಾ ಹೆಸರೂ ಕರೆದ್ರು. ಕಾದ್ರು, ನಾನು ಕೈಮುಗಿದು ಬೇಡ್ಕೊಂಡೆ. ಎದ್ದು ಹೋದ್ರು."

ಅವಳಿಗೆ ನಾನು ಕಣ ತೋರಿಸಿದೆ. ಮಳೆ ಬಂತು ಎಂದೆ. ಅವಳು ಕಾವಲಿನವನನ್ನು ಏನೋ ಕೇಳಿದಳು, ಅವನು ತಲೆ ತಗ್ಗಿಸಿ ಹೇಳಿದ. ಅದು ಕುಡಿಯುವ ಕಾಫಿಯೇ ಅಲ್ಲವಂತೆ. ಹಳೇ ಬೀಜ, ನೋಟಕ್ಕೆ ತಂದು ಹರಡಿದ್ದು. ಸಂಜೆ ಕಸದ ಗಾಡಿ ಬಂದು ತುಂಬಿಕೊಂಡು ಹೋಗುವುದಿತ್ತು.

ವಸಂತಕ್ಕ ಬ್ಯಾನರಿನ ಅಂಚನ್ನು ರಾಶಿಯ ಕೆಳಗೆ ಸಿಕ್ಕಿಸಿದಳು. "ಬಿಸಾಕೋದಾದ್ರೂ ಒಣಗಿಸಿ ಬಿಸಾಕ್ಲಿ," ಎಂದಳು.

ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ದೂರ ಬಂದು ಕಸ ಮುಚ್ಚಿ ನಿಂತಿದ್ದೇವಲ್ಲ, ಸಂಘದವರಿಗೆ ಯಾವ ಮುಖ ತೋರಿಸುವುದು? ಬೈಯಲು ಬಾಯಿ ತೆಗೆದೆ. ಒಂದು ಮೂಲೆ ನಾನೂ ಹಿಡಿದಿದ್ದೆನಲ್ಲ, ಜಾರಿದ ಹೂಕುಂಡವನ್ನು ಸರಿಯಾಗಿ ಇಟ್ಟೆ. ಮಾರ್ತಾ ಒದ್ದೆ ಜಡೆ ಹಿಂಡಿಕೊಳ್ಳುತ್ತಾ ವಸಂತಕ್ಕನ ಪಕ್ಕದಲ್ಲಿ ಬಂದು ನಿಂತಳು. ರೇಖಾ ಅವಳಿಗೂ ವಿಷಯ ತಿಳಿಸಿದಳು. ಅವಳು ಮುಖ ಮುಚ್ಚಿಕೊಂಡು ಅತ್ತಳು. ವಸಂತಕ್ಕ ಅವಳ ಬೆನ್ನು ಸವರುತ್ತಾ ಕನ್ನಡದಲ್ಲಿ ಏನೇನೋ ಹೇಳಿದಳು, ಮಾರ್ತಾ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟಳು. ಅಷ್ಟು ಹೊತ್ತು ಎಂತ ಮಾತಾಡಿದಿರಿ ಎಂದರೆ, "ಅವರ ಕಡೆನೂ ಹೀಗೇ ಅಂತೆ," ಎನ್ನುತ್ತಾಳೆ ವಸಂತಕ್ಕ. ಅದು ಹೇಗೆ ತಿಳಿಯಿತು ಎಂದು ನಾನು ಕೇಳಲು ಹೋಗಿಲ್ಲ.

ಮಳೆ ನಿಂತ ಮೇಲೆ ಕಾವಲಿನವನು ಹರಿದ ಬ್ಯಾನರನ್ನು ಸುತ್ತಿ ಕಸದ ಡಬ್ಬಿಗೆ ಹಾಕಲು ಹೊರಟ. ವಸಂತಕ್ಕ ಅಡ್ಡ ನಿಂತಳು. ಅದನ್ನು ಕೇಳು ಎಂದು ರೇಖಾಳಿಗೆ ಕಣ್ಣು ಮಾಡಿದಳು. ಅವನು ಅತ್ತ ಇತ್ತ ನೋಡಿ, ಚೆನ್ನಾಗಿ ಮಡಚಿ, ಎರಡೂ ಕೈಯಲ್ಲಿ ಕೊಟ್ಟ.

ವಿಮಾನ ನಿಲ್ದಾಣ

ಮರುದಿನ ನಮ್ಮನ್ನು ಬಿಡಲು ಬಂದ ರೇಖಾ ಸುದ್ದಿ ಹೇಳಿದಳು. ಬ್ಯಾಂಕಿನವರು ಕೋಟಿನವರ ಕಾಫಿಯನ್ನೇ ಆರಿಸಿದರಂತೆ. ನಮ್ಮದನ್ನು ಕುಡಿದು ಚೆನ್ನಾಗಿದೆ ಎಂದರಂತೆ, ಆದರೆ ಹೊತ್ತಿಗೆ ಸರಿಯಾಗಿ ಇರದವರ ಹತ್ತಿರ ವ್ಯವಹಾರ ಹೇಗೆ ಎಂದರಂತೆ. ಅವರ ಮಾತಿನಲ್ಲಿ ತಪ್ಪೇನಿದೆ ಎಂದು ನನಗೆ ತಿಳಿಯಲಿಲ್ಲ. ನಮ್ಮದರಲ್ಲಿ ಏನಿದೆ ಎಂದೂ ತಿಳಿಯಲಿಲ್ಲ.

ಸೂಟ್‌ಕೇಸು ತೂಕಕ್ಕೆ ಇಟ್ಟರೆ ಹೆಚ್ಚಾಯಿತು. ಬ್ಯಾನರು ಅಷ್ಟು ಭಾರ. ತೆಗೆದುಬಿಡು ಎಂದು ನಾನೂ ರೇಖಾಳೂ ಬೇಡಿಕೊಂಡೆವು. ವಸಂತಕ್ಕ ಅಲ್ಲೇ ನೆಲದ ಮೇಲೆ ಸೂಟ್‌ಕೇಸು ಬಿಚ್ಚಿ, ಮಕ್ಕಳಿಗೆಂದು ಕೊಂಡಿದ್ದ ಚಾಕೊಲೇಟನ್ನೆಲ್ಲ ತೆಗೆದು ರೇಖಾಳ ಮಡಿಲಿಗೆ ಹಾಕಿದಳು. ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಹಿಂದಿನ ದಿನದಿಂದ ಅವಳು ಊರಿಗೆ ಫೋನ್ ಮಾಡಿರಲಿಲ್ಲ, ಮೋಡದ ಮಾತೇ ಎತ್ತಿರಲಿಲ್ಲ.

ಅಷ್ಟರಲ್ಲಿ ಭಾವನದೇ ಫೋನ್ ಬಂತು. ವಸಂತಕ್ಕ ನನಗೂ ಕೇಳುವಂತೆ ಇಟ್ಟಳು.

"ನಿನ್ನೆ ಸಂಜೆ ಮಳೆ ಬಂತು," ಎಂದರು ಭಾವ. "ಒಳ್ಳೆ ಮಳೆ. ಗಿಡಕ್ಕೆ ಸಾಕು."

"ಕಣ?"

"ಮುಚ್ಚಿದೆ ಮತ್ತೆ. ಬಿಡ್ತಾರಾ? ಹೋಂಸ್ಟೇಗೆ ಬಂದಿರೋ ಬೆಂಗಳೂರಿನವರು ಫೋಟೋ ತೆಗೀತಾ ನಿಂತಿದ್ರು. ಗದರಿಸಿ ಒಬ್ಬೊಬ್ಬರಿಗೆ ಒಂದೊಂದು ಮೂಲೆ ಕೊಟ್ಟೆ. ಗಡಿಬಿಡೀಲಿ ನನ್ನ ಸುಣ್ಣದ ಗೆರೆ ಎಲ್ಲ ಅಳಿಸಿ ಹೋಯ್ತು." ಆಮೇಲೆ ಕೇಳಿದರು. "ನಿಮ್ಮ ಬ್ಯಾಂಕಿಂದು ಎಂತ ಆಯ್ತು?"

ವಸಂತಕ್ಕ ನನ್ನ ಮುಖ ನೋಡಿದಳು. ಈಗ ಬೇಡ, ಮನೆಗೆ ಹೋದ ಮೇಲೆ ಹೇಳೋಣ ಎಂದು ನಾನು ತಲೆಯಾಡಿಸಿದೆ. ಅವಳು ಕೇಳಲಿಲ್ಲ.

"ಇಲ್ಲೂ ಮಳೆ ಬಂತು," ಎಂದಳು. "ಬ್ಯಾಂಕಿನೆದುರು ಒಂದು ಕಣ ಇತ್ತು. ಮುಚ್ಚೋಕೆ ಯಾರೂ ಇರ್ಲಿಲ್ಲ, ನಾವು ಹೋದ್ವಿ. ಅಷ್ಟರಲ್ಲಿ ಕರೆದ್ರಂತೆ. ಗಿರಾಕಿ ಕೈತಪ್ಪಿತು."

ಇನ್ನು ಬೈಗುಳ ಬರುತ್ತದೆ ಎಂದು ನಾನು ಫೋನಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಬೀಜ ನೆನೀತಾ?" ಎಂದರು ಭಾವ.

"ಇಲ್ಲ. ಅಷ್ಟರಲ್ಲಿ ಮುಚ್ಚಿದ್ವಿ."

"ಹಾಂ."

ಯಾರ ಕಣ ಎಂದು ಅವರು ಕೇಳಲೇ ಇಲ್ಲ.

"ಅಲ್ಲಿ ಗಟ್ಟಿ ಟಾರ್ಪಾಲು ಎಂತಾದ್ರೂ ಸಿಗ್ತದಾ ನೋಡು ಮಾರಾಯ್ತಿ. ನಮ್ಮದು ಎರಡು ಕಡೆ ಹರಿದಿದೆ. ಮುಂದಿನ ಸೀಸನ್ನಿಗೆ ತಡೆಯಲ್ಲ."

ವಸಂತಕ್ಕ ಸೂಟ್‌ಕೇಸಿನ ಮೇಲೆ ಕೈಯಿಟ್ಟಳು.

"ಕಟ್ಟಿಕೊಂಡಾಗಿದೆ," ಎಂದಳು.